ಮೂರು ಬೇಸಿಗೆ ದಾಟಿದ ಎಕ್ಸ್‌ಎಲ್‌ಆರ್ ಕನೆಕ್ಟರ್: ಕಲಬುರಗಿ ಸೀಮೆಯ ಬಳಕೆದಾರರ ವಿಮರ್ಶೆ

ಮೈಕ್ ಕೇಬಲ್ ಕೈಕೊಟ್ಟಾಗ ಮೊದಲ ಬೈಗುಳ ಬೀಳುವುದು ಅದರ ತುದಿಯ ಎಕ್ಸ್‌ಎಲ್‌ಆರ್ ಕನೆಕ್ಟರ್, ಅಂದರೆ ಮೂರು ಪಿನ್ನಿನ ದುಂಡು ಪ್ಲಗ್‌ನ ಪಿನ್‌ಗಳಿಗೆ. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಪಿನ್‌ಗಳು ನೆಟ್ಟಗೇ ಇರುತ್ತವೆ. ರೋಗ ಇರುವುದು ಹಿಂಬದಿಯಲ್ಲಿ, ಕೇಬಲ್ ಒಳಹೋಗುವ ಬಾಯಲ್ಲಿ. ನ್ಯೂಟ್ರಿಕ್ ಕಂಪನಿಯ ಎನ್‌ಸಿ3ಎಫ್‌ಎಕ್ಸ್‌ಎಕ್ಸ್, ಎನ್‌ಸಿ3ಎಂಎಕ್ಸ್‌ಎಕ್ಸ್ ಜೋಡಿಯನ್ನೂ (ಮೊದಲನೆಯದು ತೂತಿರುವ ಫೀಮೇಲ್, ಎರಡನೆಯದು ಪಿನ್ ಇರುವ ಮೇಲ್; ಮುಂದೆ ಬರೀ ‘ಎಕ್ಸ್‌ಎಕ್ಸ್’) ಹೆಸರಿಲ್ಲದ ಅಗ್ಗದ ಕನೆಕ್ಟರ್‌ಗಳನ್ನೂ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಜಾತ್ರೆ, ಮದುವೆ, ಭಜನೆ, ಸಭೆಗಳಲ್ಲಿ ಮೂರು ಬೇಸಿಗೆ, ಮೂರು ಮಳೆಗಾಲ ಒಟ್ಟಿಗೆ ದುಡಿಸಿ ನೋಡಿದ ಮೇಲೆ ಬರೆದದ್ದು ಇದು.

ಮೊದಲು ಕಂಪನಿ ಕೊಡುವ ಲೆಕ್ಕ. ಹಾಕಿ ತೆಗೆಯುವ ಬಾಳಿಕೆ 1000 ಸಲಕ್ಕೂ ಹೆಚ್ಚು, ಸಂಪರ್ಕದ ರೆಸಿಸ್ಟೆನ್ಸ್ 3 ಮಿಲಿಓಮ್ ಒಳಗೆ, ಕೇಬಲ್ ದಪ್ಪ 3.5ರಿಂದ 8 ಮಿ.ಮೀ., ತಾಪಮಾನ ಮೈನಸ್ 30ರಿಂದ 80 ಡಿಗ್ರಿ. ಶೆಲ್ ಸತುವಿನ ಎರಕ, ಕೇಬಲನ್ನು ಕಚ್ಚಿ ಹಿಡಿಯುವ ಒಳಗಿನ ಹಿಡಿಕೆ ಗಟ್ಟಿ ಪ್ಲಾಸ್ಟಿಕ್, ಹಿಂದೆ ಕೇಬಲ್ ಹೊರಬರುವ ಕಡೆ ತಿರುಪಿ ಬಿಗಿಯುವ ತೋಳು, ಅಂದರೆ ಬೂಟ್. ಬಿಡಿಭಾಗ ನಾಲ್ಕೇ ನಾಲ್ಕು, ಒಂದೂ ಸ್ಕ್ರೂ ಇಲ್ಲ. ಜಾತ್ರೆ ಮೈದಾನದ ಕತ್ತಲಲ್ಲಿ ರಿಪೇರಿ ಮಾಡುವವರಿಗೆ ಸ್ಕ್ರೂ ಇಲ್ಲದಿರುವುದು ಎಷ್ಟು ದೊಡ್ಡ ಉಪಕಾರ ಎಂಬುದು ಗೊತ್ತು.

ಈ 1000ದ ಮೇಲೆ ಎಲ್ಲರ ಕಣ್ಣು. ಆದರೆ ಲೆಕ್ಕ ಹಾಕಿ ನೋಡಿ: ಒಂದು ಕೇಬಲ್ ವರ್ಷಕ್ಕೆ 100 ಕಾರ್ಯಕ್ರಮಕ್ಕೆ ಹೋದರೆ, ಪ್ರತಿ ಸಲ ಒಮ್ಮೆ ಹಾಕಿ ಒಮ್ಮೆ ತೆಗೆದರೆ, ಆ ಮಿತಿ ಮುಟ್ಟಲು 10 ವರ್ಷ ಬೇಕು. ಅಷ್ಟರೊಳಗೆ ಅದೇ ಕೇಬಲ್ ಮೇಲೆ ಸಾವಿರಾರು ಕಾಲು ಬಿದ್ದಿರುತ್ತವೆ, ಖುರ್ಚಿಯ ಕಾಲು ಊರಿರುತ್ತದೆ, ಹಾಡುವವರು ಮೈಕ್ ಹಿಡಿದು ವೇದಿಕೆಯ ಅಂಚಿಗೆ ಹೋಗಿ ಜಗ್ಗಿರುತ್ತಾರೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಬಾಳಿಕೆ ಪರೀಕ್ಷಿಸುವವರು ಪಿನ್ ಸವೆತವನ್ನು ಎಣಿಸುತ್ತ ಕೂರಬಾರದು. ಜಗ್ಗಿದರೆ ತಡೆಯುತ್ತದೆಯೇ, ಬಿಸಿಲಿಗೆ ಹಿಡಿತ ಸಡಿಲಾಗುತ್ತದೆಯೇ, ಧೂಳು ಹೊಕ್ಕರೆ ಬಾಯಿ ಕಚ್ಚುತ್ತದೆಯೇ, ಈ ಮೂರನ್ನು ನೋಡಬೇಕು.

ಜಗ್ಗುವ ಪರೀಕ್ಷೆಗೆ ಖರ್ಚಿಲ್ಲ. ಕೇಬಲ್‌ನ ಹೊರಕವಚದ ಮೇಲೆ, ಬೂಟ್‌ನ ಅಂಚಿಗೆ ಸರಿಯಾಗಿ, ಮಾರ್ಕರ್‌ನಿಂದ ಬಿಳಿ ಗೆರೆ ಎಳೆಯಿರಿ. ಕನೆಕ್ಟರನ್ನು ವೈಸ್‌ನಲ್ಲಿ ಬಟ್ಟೆ ಸುತ್ತಿ ಹಿಡಿದು ಕೇಬಲ್‌ಗೆ 5 ಕಿಲೋ ತೂಕದ ಕಲ್ಲು ಒಂದು ನಿಮಿಷ ತೂಗುಹಾಕಿ. ಗೆರೆ 1 ಮಿ.ಮೀ.ಗಿಂತ ಹೆಚ್ಚು ಹೊರಗೆ ಜಾರಿದರೆ ಆ ಜೋಡಣೆ ಸೋತಿದೆ. ಎರಡನೆಯದು ಬಾಗಿಸುವುದು: ಅರ್ಧ ಕಿಲೋ ತೂಕ ಕಟ್ಟಿ, ಆ ಕಡೆ 90 ಡಿಗ್ರಿ ಈ ಕಡೆ 90 ಡಿಗ್ರಿ, 500 ಸಲ. ಆಗ ಇನ್ನೊಂದು ತುದಿ ಮಿಕ್ಸರ್‌ನಲ್ಲಿರಲಿ, ಹೆಡ್‌ಫೋನ್ ಕಿವಿಯಲ್ಲಿರಲಿ. ಮಲ್ಟಿಮೀಟರ್‌ನ ಬೀಪ್ ನಂಬಬೇಡಿ. ಕ್ಷಣಾರ್ಧ ಕಡಿದು ಮತ್ತೆ ಕೂಡುವ ಎಳೆಯನ್ನು ಅದು ಹಿಡಿಯುವುದಿಲ್ಲ, ಕಿವಿ ಹಿಡಿಯುತ್ತದೆ.

ಈ ಎರಡರಲ್ಲಿ ಎಕ್ಸ್‌ಎಕ್ಸ್ ಜೋಡಿ ಗೆದ್ದಿತು. ಆದರೆ ಸರಿಯಾಗಿ ಕಟ್ಟಿದಾಗ ಮಾತ್ರ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹೊರಕವಚವನ್ನು ಉದ್ದಕ್ಕೆ ಸುಲಿದುಬಿಡುವುದು. ಆಗ ಹಿಡಿಕೆಯ ಹಲ್ಲು ಕವಚವನ್ನು ಕಚ್ಚದೆ ಒಳಗಿನ ತೆಳು ಎಳೆಗಳನ್ನು ಕಚ್ಚುತ್ತದೆ, ಜಗ್ಗಿದ ಭಾರವೆಲ್ಲ ಸೋಲ್ಡರ್ (ಬೆಸುಗೆ) ಮೇಲೆ ಬೀಳುತ್ತದೆ. ಕವಚ 18ರಿಂದ 20 ಮಿ.ಮೀ., ಒಳವೈರು 4 ಮಿ.ಮೀ., ಇಷ್ಟೇ ಸುಲಿಯಿರಿ. ಹಿಡಿಕೆಯೊಳಗೆ ಕವಚ ಪೂರ್ತಿ ಕಾಣಬೇಕು. ಶೀಲ್ಡ್‌ನ (ಒಳವೈರುಗಳನ್ನು ಸುತ್ತಿರುವ ಲೋಹದ ಪದರ) ಎಳೆಗೆ ಪ್ಲಾಸ್ಟಿಕ್ ತೋಳು ತೊಡಿಸಿ, ಉಳಿದೆರಡಕ್ಕಿಂತ 2-3 ಮಿ.ಮೀ. ಉದ್ದ ಬಿಡಿ. ಹಿಡಿಕೆ ಸೋತ ದಿನ ಕೊನೆಗೆ ಕಡಿಯುವುದು ಶೀಲ್ಡ್ ಆಗಿರಲಿ. ಸೋಲ್ಡರ್ ಎಳೆಯೊಳಗೆ ಮೇಲಕ್ಕೆ ಏರಲು ಬಿಡಬೇಡಿ. ಏರಿದಷ್ಟು ಭಾಗ ಕಡ್ಡಿಯಂತಾಗಿ, ಮೆತ್ತನೆ ವೈರು ಶುರುವಾಗುವ ಗಡಿಯಲ್ಲಿ ಮುರಿಯುತ್ತದೆ. ಮತ್ತು ಬೂಟ್ ಹಾಗೂ ಹಿಡಿಕೆಯನ್ನು ಕೇಬಲ್‌ಗೆ ಮೊದಲೇ ಪೋಣಿಸಿ. ಇದನ್ನು ಮರೆತು ಮೂರೂ ಕಾಲು ಬೆಸೆದವರು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಬಿಸಿಲಿನ ವಿಷಯ ಬೇರೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನ ತಾಪವೇ 42 ಡಿಗ್ರಿ ದಾಟುತ್ತದೆ. ಶಹಾಬಾದ್ ಪರಸಿ ಹಾಸಿದ ಅಂಗಳದಲ್ಲಿ ಕಪ್ಪು ಕೇಬಲ್ ಹರಡಿದರೆ, ಅಥವಾ ಟಂಟಂ ಗಾಡಿಯ ತಗಡಿನ ಪೆಟ್ಟಿಗೆಯಲ್ಲಿ ಮಧ್ಯಾಹ್ನವಿಡೀ ಇಟ್ಟರೆ ಅದರ ಮೈ ಮುಟ್ಟಲಾಗದಷ್ಟು ಸುಡುತ್ತದೆ. ಕನೆಕ್ಟರ್‌ನ 80 ಡಿಗ್ರಿ ಮಿತಿಗೆ ಇದರಿಂದ ಅಪಾಯವಿಲ್ಲ. ಅಪಾಯ ಇರುವುದು ಕೇಬಲ್‌ನ ಪಿವಿಸಿ ಕವಚಕ್ಕೆ. ಬಿಸಿಯಾದ ಪಿವಿಸಿ ಮೆತ್ತಗಾಗಿ, ಹಿಡಿಕೆಯ ಒತ್ತಡಕ್ಕೆ ನಿಧಾನವಾಗಿ ಪಕ್ಕಕ್ಕೆ ಸರಿದು ತೆಳ್ಳಗಾಗುತ್ತದೆ. ಜನವರಿಯಲ್ಲಿ ಬಿಗಿಯಾಗಿದ್ದದ್ದು ಜೂನ್‌ನಲ್ಲಿ ಸಡಿಲ. ಕನೆಕ್ಟರ್ ಕೆಟ್ಟಿತೆಂದು ಜನ ಬಿಸಾಕುತ್ತಾರೆ. ಬೇಕಿದ್ದದ್ದು ಬೂಟ್‌ಗೆ ಇನ್ನೊಂದು ಕಾಲು ಸುತ್ತು. ಹೊಸ ಕೇಬಲ್ ಮೊದಲ ಬೇಸಿಗೆ ಮುಗಿಸಿದ ಕೂಡಲೇ ಎಲ್ಲ ಬೂಟ್‌ಗಳನ್ನೂ ಒಮ್ಮೆ ಬಿಗಿಯುವುದನ್ನು ಕಡ್ಡಾಯ ಮಾಡಿಕೊಂಡರೆ ರಿಪೇರಿ ಮೇಜಿನ ಮೇಲಿನ ರಾಶಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಚಳಿಗಾಲದ ಬೀದರ್‌ನಲ್ಲಿ ಇದರ ಉಲ್ಟಾ: ಬೆಳಗಿನ ಜಾವ ಪಿವಿಸಿ ಬಿರುಸಾಗಿರುತ್ತದೆ, ಸುತ್ತಿದ ಕೇಬಲನ್ನು ಝಾಡಿಸಿ ಬಿಚ್ಚಿದರೆ ಬೂಟ್‌ನ ಬುಡದಲ್ಲೇ ಮಡಿಕೆ ಬೀಳುತ್ತದೆ.

ಇನ್ನು ಧೂಳು. ತೊಗರಿ ರಾಶಿಯ ಹೊತ್ತಿಗೆ ಎರೆ ಹೊಲದ ಧೂಳು, ವಾಡಿ ಕಡೆ ಸುಣ್ಣಕಲ್ಲಿನ ಬಿಳಿ ಪುಡಿ. ಎರಡೂ ಫೀಮೇಲ್ ಕನೆಕ್ಟರ್‌ನ ಕೊಂಡಿಯ ಸಂದಿಗೆ ಸೇರಿ, ಒತ್ತಿದರೆ ಕೊಂಡಿ ವಾಪಸ್ ಏಳುವುದಿಲ್ಲ. ಒಣ ಬ್ರಷ್ ಸಾಕು. ಯಾದಗಿರಿ ಹತ್ತಿರದ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಯ ಭಂಡಾರಕ್ಕೆ ಮಾತ್ರ ಬ್ರಷ್ ಸಾಲದು. ಅರಿಶಿನದಲ್ಲಿ ಎಣ್ಣೆಯ ಅಂಶವಿದೆ, ಪಿನ್‌ಗೆ ಪದರವಾಗಿ ಅಂಟುತ್ತದೆ. ಅದರ ಹಳದಿ ಆಲ್ಕೋಹಾಲ್‌ನಲ್ಲಿ ಕರಗುವುದರಿಂದ ಐಸೊಪ್ರೊಪಿಲ್ ಆಲ್ಕೋಹಾಲ್ ಅದ್ದಿದ ಕಾಟನ್ ಬಡ್ಡಿನಿಂದ ಒರೆಸಿದರೆ ಹೋಗುತ್ತದೆ. ಬಡ್ಡಿಗೆ ಹಳದಿ ಹತ್ತುವುದು ನಿಲ್ಲುವವರೆಗೆ ಒರೆಸಬೇಕು. ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಪೆಟ್ರೋಲ್ ಯಾವುದೂ ಬೇಡ. ಎಣ್ಣೆ ಹಾಕಿದ ದಿನ ಕೊಂಡಿ ಚೆನ್ನಾಗಿ ಜಾರುತ್ತದೆ, ಒಂದು ವಾರದಲ್ಲಿ ಅದೇ ಎಣ್ಣೆಗೆ ಧೂಳು ಸೇರಿ ಅರಗಿನಂತಾಗುತ್ತದೆ. ಎಲ್ಲಕ್ಕಿಂತ ಸುಲಭದ ರಕ್ಷಣೆ ಎಂದರೆ ಕೇಬಲ್ ಸುತ್ತಿದ ಮೇಲೆ ಅದರ ಮೇಲ್ (ಪಿನ್ ಇರುವ) ತುದಿಯನ್ನು ಅದರದೇ ಫೀಮೇಲ್ ತುದಿಗೆ ಸಿಕ್ಕಿಸಿಡುವುದು. ಎರಡೂ ಬಾಯಿ ಮುಚ್ಚುತ್ತವೆ, ಸುರುಳಿಯೂ ಬಿಚ್ಚಿಕೊಳ್ಳುವುದಿಲ್ಲ.

ಪಿನ್ ಮೇಲಿನ ಲೇಪ ಬೆಳ್ಳಿಯೋ ಚಿನ್ನವೋ ಎಂಬ ಪ್ರಶ್ನೆಗೆ ಬೀದರ್‌ನವರಿಗೆ ಉತ್ತರ ಅರ್ಧ ಗೊತ್ತಿದೆ. ಬಿದ್ರಿ ಪಾತ್ರೆಯೂ ಸತು ಹೆಚ್ಚು, ತಾಮ್ರ ಕಡಿಮೆ ಇರುವ ಎರಕ; ಕೋಟೆಯ ಮಣ್ಣು, ನವಸಾಗರದ ಮಿಶ್ರಣದಲ್ಲಿ ಕುದಿಸಿದಾಗ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆದರೆ ಅದೇ ಬೆಳ್ಳಿ ಗಾಳಿಯಲ್ಲಿನ ಗಂಧಕಕ್ಕೆ ವರ್ಷಗಟ್ಟಲೆ ಮೈಯೊಡ್ಡಿದರೆ ಮಂಕಾಗಿ ಕಪ್ಪಿಡುತ್ತದೆ. ಕನೆಕ್ಟರ್‌ನ ಬೆಳ್ಳಿ ಲೇಪಕ್ಕೂ ಅದೇ ಗತಿ. ಎಕ್ಸ್‌ಎಕ್ಸ್ ಸಾಲಿನಲ್ಲಿ ನಿಕ್ಕಲ್ ಬಣ್ಣದ ಶೆಲ್‌ನ ಸಾಮಾನ್ಯ ಮಾದರಿಗೆ ಬೆಳ್ಳಿ ಪಿನ್, ಹೆಸರಿನ ಕೊನೆಗೆ ‘ಬಿ’ ಇರುವ ಕಪ್ಪು ಶೆಲ್‌ಗೆ ಚಿನ್ನದ ಪಿನ್, ‘ಬಿಎಜಿ’ ಎಂದಿದ್ದರೆ ಕಪ್ಪು ಶೆಲ್, ಬೆಳ್ಳಿ ಪಿನ್. ವಾರಕ್ಕೆರಡು ಸಲ ಹಾಕಿ ತೆಗೆಯುವ ಬಾಡಿಗೆ ಕೇಬಲ್‌ಗೆ ಬೆಳ್ಳಿಯೇ ಸರಿ. ಪ್ರತಿ ಸಲ ಪಿನ್ ಉಜ್ಜಿಕೊಂಡು ಕಪ್ಪು ತಾನೇ ಹೋಗುತ್ತದೆ, ಲೇಪವೂ ದಪ್ಪ. ಒಮ್ಮೆ ಹಾಕಿ ವರ್ಷಗಟ್ಟಲೆ ಮುಟ್ಟದ ಕಡೆಗೆ, ಅಂದರೆ ಮಠದ ಸಭಾಂಗಣ, ಕಾಲೇಜಿನ ಗೋಡೆಯ ಪಾಯಿಂಟ್‌ಗಳಿಗೆ ಚಿನ್ನ ಬೇಕು.

ಬೆಳ್ಳಿ ಪಿನ್‌ಗೆ ನಾವೇ ಮಾಡಿಕೊಳ್ಳುವ ಹಾನಿ ಇನ್ನೊಂದಿದೆ. ಸೈಕಲ್ ಟ್ಯೂಬ್ ಕತ್ತರಿಸಿ ಕೇಬಲ್ ಸುರುಳಿಗೆ ಕಟ್ಟುವ ರೂಢಿ ಎಲ್ಲ ಕಡೆ ಇದೆ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಹಾಕಿರುತ್ತಾರೆ. ಮುಚ್ಚಿದ ಪೆಟ್ಟಿಗೆ, ಬಿಸಿಲು, ರಬ್ಬರ್ ಮೂರೂ ಸೇರಿದರೆ ಒಂದೇ ಮಳೆಗಾಲದಲ್ಲಿ ಪಿನ್ ಕಪ್ಪಾಗುತ್ತದೆ. ಬಟ್ಟೆಯ ಲಾಡಿ ಅಥವಾ ವೆಲ್‌ಕ್ರೊ ಕಟ್ಟಿ.

ಸಂಪರ್ಕದ ರೆಸಿಸ್ಟೆನ್ಸ್ ಅಳೆಯಲು ಸಾಮಾನ್ಯ ಮಲ್ಟಿಮೀಟರ್‌ನ ಓಮ್ ರೇಂಜ್ ಆಗದು. ಅದರ ಪ್ರೋಬ್ ವೈರುಗಳದ್ದೇ 0.1ರಿಂದ 0.3 ಓಮ್ ಇರುತ್ತದೆ, ನಾವು ಹುಡುಕುತ್ತಿರುವುದು ಅದರ ನೂರನೇ ಒಂದು ಪಾಲು. ದಾರಿ ಹೀಗಿದೆ: 12 ವೋಲ್ಟ್ ಬ್ಯಾಟರಿ, ಸರಣಿಯಲ್ಲಿ 12 ಓಮ್‌ನ 25 ವ್ಯಾಟ್ ರೆಸಿಸ್ಟರ್, ಅದರ ಮೂಲಕ ಒಂದಕ್ಕೊಂದು ಸಿಕ್ಕಿಸಿದ ಒಂದು ಜೊತೆ ಪಿನ್‌ಗೆ 1 ಆಂಪಿಯರ್ ಹರಿಸಿ. ಬೇರೆ ಎರಡು ವೈರುಗಳನ್ನು ಮೇಲ್ ಮತ್ತು ಫೀಮೇಲ್‌ನ ಸೋಲ್ಡರ್ ಬಟ್ಟಲುಗಳಿಗೇ (ವೈರು ಬೆಸೆಯುವ ಕುಳಿ) ಮುಟ್ಟಿಸಿ 200 ಮಿಲಿವೋಲ್ಟ್ ರೇಂಜ್‌ನಲ್ಲಿ ಓದಿ. ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಓಮ್. ರೆಸಿಸ್ಟರ್ 12 ವ್ಯಾಟ್ ಬಿಸಿ ಉಗುಳುತ್ತದೆ, ಪರಸಿ ಕಲ್ಲಿನ ಮೇಲಿಟ್ಟು ಕೆಲಸ ಮಾಡಿ. ಓದಿಕೆ 3ರ ಒಳಗಿದ್ದರೆ ಹೊಸದರಂತೆ. 10 ದಾಟಿ, ಅಲುಗಿಸಿದಾಗ ಕುಣಿಯುತ್ತಿದ್ದರೆ ಫೀಮೇಲ್ ಸಡಿಲಾಗಿದೆ.

ಒಂದು ಎಚ್ಚರಿಕೆ: ಈ ಅಳತೆಗಿಂತ ಮೊದಲು ಡೈನಾಮಿಕ್ (ಹೊರಗಿನ ವಿದ್ಯುತ್ ಬೇಡದ) ಮೈಕ್ ಹಾಕಿ, ಕನೆಕ್ಟರ್ ತಿರುಚುತ್ತ ಕೇಳಿ. ಮೈಕ್‌ನ ಸಿಗ್ನಲ್ ಕೆಲವೇ ಮಿಲಿವೋಲ್ಟ್, ಪಿನ್ ಮೇಲಿನ ತೆಳು ಕಪ್ಪು ಪದರವನ್ನು ಅದು ಭೇದಿಸಲಾರದು. 12 ವೋಲ್ಟ್ ಭೇದಿಸಿಬಿಡುತ್ತದೆ, ಆಮೇಲೆ ಎಲ್ಲವೂ ಸರಿ ಎಂದೇ ತೋರುತ್ತದೆ. ಕಂಡೆನ್ಸರ್ ಮೈಕ್‌ನಲ್ಲಿ ದೋಷ ಬೇರೆ ಥರ ಕೇಳಿಸುತ್ತದೆ. ಅದಕ್ಕೆ ಮಿಕ್ಸರ್ ಅದೇ ಕೇಬಲ್‌ನಲ್ಲಿ ಕಳಿಸುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಕಡಿದು ಕೂಡುವಾಗ ಬರುವ ಪಟಪಟ ಸದ್ದು ಸ್ಪೀಕರ್‌ಗೂ ಕಿವಿಗೂ ಕೆಟ್ಟದ್ದು.

ಅಗ್ಗದ ಕನೆಕ್ಟರ್‌ಗಳು ಈ ಫೀಮೇಲ್ ವಿಷಯದಲ್ಲೇ ಸೋತವು. ಒಳ್ಳೆಯದರಲ್ಲಿ ಮೇಲ್ ಪಿನ್ ಹಿತ್ತಾಳೆ, ಫೀಮೇಲ್ ಸಂಪರ್ಕ ಕಂಚು, ಯಾಕೆಂದರೆ ಕಂಚಿಗೆ ಸ್ಪ್ರಿಂಗ್ ಗುಣ ಉಳಿಯುತ್ತದೆ. ಎಕ್ಸ್‌ಎಕ್ಸ್‌ನಲ್ಲಿ ಅದು ಪಂಜರದ ಆಕಾರದಲ್ಲಿದ್ದು ಪಿನ್ನನ್ನು ಹಲವು ಕಡೆ ಹಿಡಿಯುತ್ತದೆ, ಒಂದು ಕಡೆ ಧೂಳಿನ ಕಣ ಕೂತರೂ ಉಳಿದ ಕಡೆ ಮುಟ್ಟಿರುತ್ತದೆ. ಅಗ್ಗದ್ದರಲ್ಲಿ ಸೀಳು ಬಿಟ್ಟ ಹಿತ್ತಾಳೆ ಕೊಳವೆ. ಒಮ್ಮೆ ಅಗಲವಾದರೆ ಹಾಗೇ ಉಳಿಯುತ್ತದೆ. ಪರೀಕ್ಷೆ ಸುಲಭ: ಸತ್ತ ಮೇಲ್ ಕನೆಕ್ಟರ್‌ನಿಂದ ಕಿತ್ತ ಒಂದು ಪಿನ್‌ಗೆ 50 ಗ್ರಾಂ ತೂಕ ಬೆಸೆದು, ಫೀಮೇಲನ್ನು ಬಾಯಿ ಕೆಳಗೆ ಮಾಡಿ ಹಿಡಿದು, ಮೂರೂ ತೂತಿಗೆ ಒಂದೊಂದಾಗಿ ಸಿಕ್ಕಿಸಿ. ಜಾರಿ ಬಿದ್ದರೆ ಆ ಫೀಮೇಲ್ ಪೆಟ್ಟಿಗೆಯಿಂದ ಹೊರಗೆ.

ಸೋಲ್ಡರ್ ಐರನ್ ತಾಗಿದಾಗ ಅಸಲಿ ಬಣ್ಣ ಇನ್ನೂ ಬೇಗ ಬಯಲಾಗುತ್ತದೆ. 350 ಡಿಗ್ರಿಯ ಐರನ್ ಬಟ್ಟಲಿಗೆ ಮೂರು ಸೆಕೆಂಡ್ ಇಟ್ಟರೆ ಒಳ್ಳೆಯ ಕನೆಕ್ಟರ್ ಅಲುಗುವುದಿಲ್ಲ, ಅಗ್ಗದ್ದರ ಪ್ಲಾಸ್ಟಿಕ್ ಕರಗಿ ಪಿನ್ ವಾಲುತ್ತದೆ. ವಾಲಿದ ಮೇಲ್ ಪಿನ್ ತಾನೊಂದೇ ಕೆಡುವುದಿಲ್ಲ, ತನ್ನನ್ನು ಸಿಕ್ಕಿಸಿದ ಒಳ್ಳೆಯ ಫೀಮೇಲ್‌ಗಳನ್ನೆಲ್ಲ ಹಿಗ್ಗಿಸಿ ಹಾಳು ಮಾಡುತ್ತದೆ, ಮಿಕ್ಸರ್‌ನ ಸಾಕೆಟ್ ಸಹಿತ. ಅಗ್ಗದ ಕನೆಕ್ಟರ್‌ನ ನಿಜವಾದ ಬೆಲೆ ಇದು. ಯಾವ ಕನೆಕ್ಟರೇ ಆಗಲಿ, ಬೆಸೆಯುವಾಗ ಎದುರಿಗೆ ಹಳೆಯ ಜೋಡಿಯೊಂದನ್ನು ಸಿಕ್ಕಿಸಿಡಿ. ಪಿನ್ ನೆಟ್ಟಗೆ ನಿಲ್ಲುತ್ತದೆ, ಬಿಸಿಯೂ ಹಂಚಿಹೋಗುತ್ತದೆ. 63 ಪಾಲು ತವರ, 37 ಪಾಲು ಸೀಸದ 63/37 ಸೋಲ್ಡರ್ 183 ಡಿಗ್ರಿಗೆ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ ಈ ಕೆಲಸಕ್ಕೆ ಅದೇ ಒಳ್ಳೆಯದು.

ಸ್ಪೀಕರ್ ಕಡೆ ಅದೇ ಕಂಪನಿಯ, ತಿರುಗಿಸಿ ಕೂರಿಸುವ ಸ್ಪೀಕರ್ ಕನೆಕ್ಟರ್ ಸ್ಪೀಕಾನ್ ಎನ್‌ಎಲ್4 ಬಗ್ಗೆ ದೂರು ಕಡಿಮೆ. ಕಂಪನಿ ಹೇಳುವ ಬಾಳಿಕೆ 5000 ಸಲಕ್ಕೂ ಹೆಚ್ಚು. ಸೋಲುವುದು ಒಳಗಿನ ತಿರುಪು, ಅದೂ ನಮ್ಮ ಕೈಯಿಂದಲೇ. 2.5 ಚದರ ಮಿ.ಮೀ. ವೈರಿನ ತುದಿಗೆ ಸೋಲ್ಡರ್ ಬಳಿದು ತಿರುಪಿನಡಿ ಇಟ್ಟರೆ ಸೋಲ್ಡರ್ ಒತ್ತಡಕ್ಕೆ ಪಕ್ಕಕ್ಕೆ ಸರಿದು ತಿರುಪು ಸಡಿಲಾಗುತ್ತದೆ, ಬಾಸ್ ಹೊಡೆತಕ್ಕೆ ಆ ಜಾಗ ಬಿಸಿಯಾಗುತ್ತದೆ. ಬರೀ ಎಳೆ ಇಡಿ, ಇಲ್ಲವೇ ತುದಿಗೆ ಫೆರೂಲ್ (ಲೋಹದ ಪುಟ್ಟ ಕೊಳವೆ) ಒತ್ತಿ. ಆಂಪ್ಲಿಫೈಯರ್ ಹಾಡುತ್ತಿರುವಾಗ ಕೀಳಬೇಡಿ, ಕಿಡಿ ಹಾರಿ ಸಂಪರ್ಕ ಸುಡುತ್ತದೆ. 6.35 ಮಿ.ಮೀ. ಜ್ಯಾಕನ್ನು ಸ್ಪೀಕರ್‌ಗೆ ಬಳಸುವುದನ್ನಂತೂ ನಿಲ್ಲಿಸಿ. ಅದು ಒಳಹೋಗುವಾಗಲೇ ಆಂಪ್ಲಿಫೈಯರ್‌ನ ಔಟ್‌ಪುಟ್ ಶಾರ್ಟ್ ಆಗಬಹುದು.

ಖರೀದಿಗೆ ಹೈದರಾಬಾದಿನ ಕೋಠಿಗೋ ಬೆಂಗಳೂರಿನ ಎಸ್‌.ಪಿ. ರಸ್ತೆಗೋ ಹೋದರೆ ಹೊರಗಿನ ಅಚ್ಚು ನೋಡಿ ಮೋಸಹೋಗಬೇಡಿ. ಒಂದನ್ನು ಬಿಚ್ಚಿಸಿ ಹಿಡಿಕೆಯ ಹಲ್ಲು, ಫೀಮೇಲ್‌ನ ಒಳಗು ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸುವಷ್ಟು ದುಡ್ಡಿಲ್ಲದಿದ್ದರೆ ಮೊದಲು ಮೈಕ್ ಕಡೆಯ ಫೀಮೇಲ್ ಬದಲಿಸಿ, ಜಗ್ಗಾಟ ತಿನ್ನುವುದು ಆ ತುದಿ. ಸ್ಟೇಜ್ ಬಾಕ್ಸ್ (ಮೈಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಕಡೆಯ ಮೇಲ್ ಮುಂದಿನ ವರ್ಷಕ್ಕೆ ಉಳಿಯಲಿ. ಬೂಟ್‌ನ ಬುಡದಲ್ಲಿ ಎಳೆ ಮುರಿದ ಒಳ್ಳೆಯ ಕನೆಕ್ಟರನ್ನು ಬಿಸಾಕಬೇಡಿ: ಕೇಬಲ್‌ನ ತುದಿ 5 ಸೆಂ.ಮೀ. ಕತ್ತರಿಸಿ, ಬಟ್ಟಲಿನ ಹಳೆಯ ಸೋಲ್ಡರ್ ಹೀರಿ ತೆಗೆದು, ಹೊಸದಾಗಿ ಕಟ್ಟಿ, ಮತ್ತೆ ಬಿಳಿ ಗೆರೆ ಎಳೆದು 5 ಕಿಲೋ ಕಲ್ಲಿಗೆ ತೂಗುಹಾಕಿ.