ಸೋಪು ನೀರೋ, ಸ್ಯಾನಿಟೈಸರೋ?

ನಲ್ಲಿ ಹತ್ತಿರದಲ್ಲಿದ್ದರೆ ಯೋಚಿಸಬೇಡಿ, ಸೋಪನ್ನೇ ಹಿಡಿಯಿರಿ. ಸ್ಯಾನಿಟೈಸರ್ ರೋಗಾಣುಗಳನ್ನು ಕೈಮೇಲೆಯೇ ಕೊಲ್ಲುತ್ತದೆ; ಸೋಪು ಜಿಡ್ಡು, ಕೊಳೆಯ ಸಮೇತ ಅವನ್ನು ಚರ್ಮದಿಂದ ಬಿಡಿಸಿ ನೀರಿನಲ್ಲಿ ಹರಿಸಿಬಿಡುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ವಾಂತಿಭೇದಿ ತರುವ ನೋರೋವೈರಸ್ ಆಲ್ಕೋಹಾಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಶೌಚದ ನಂತರ, ಮಗುವಿನ ಡೈಪರ್ ಬದಲಿಸಿದ ಮೇಲೆ, ಅಡುಗೆಗೂ ಊಟಕ್ಕೂ ಮುಂಚೆ, ಕೈ ಕೊಳೆಯಾಗಿ ಕಂಡಾಗ ಸೋಪೇ ಆಗಬೇಕು. ಸಾದಾ ಸೋಪು ಸಾಕು, ಆದರೆ ಕನಿಷ್ಠ 20 ಸೆಕೆಂಡ್ ಉಜ್ಜಬೇಕು. ಬೆರಳ ಸಂದು, ಉಗುರಿನ ಅಡಿ, ಹೆಬ್ಬೆರಳು: ಅವಸರದಲ್ಲಿ ಬಿಟ್ಟುಹೋಗುವುದು ಇವೇ. ನೀರು ಬಿಸಿಯಿರಲೇಬೇಕೆಂದಿಲ್ಲ. ತೊಳೆದ ಕೈಯನ್ನು ಮಾತ್ರ ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಕೈಯಿಂದ ರೋಗಾಣು ಬೇಗ ದಾಟುತ್ತದೆ.

ಸ್ಯಾನಿಟೈಸರಿನ ಜಾಗ ಬೇರೆ. ಪ್ರಯಾಣದಲ್ಲಿ, ನೀರಿಲ್ಲದ ಕಡೆ ಅದು ದೊಡ್ಡ ಆಸರೆ. ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ, ಕೈಯಲ್ಲಿ ಕೊಳೆ ಕಾಣದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದೂ ಆಲ್ಕೋಹಾಲ್ ದ್ರಾವಣವನ್ನೇ. ಕೊಳ್ಳುವಾಗ ಸುವಾಸನೆಗೆ ಮರುಳಾಗಬೇಡಿ, ಆಲ್ಕೋಹಾಲ್ ಪ್ರಮಾಣ ಶೇ. 60ಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಕೈಪೂರ್ತಿ ಒದ್ದೆಯಾಗುವಷ್ಟು ಹಾಕಿ, ತಾನಾಗಿ ಆರುವವರೆಗೆ ಉಜ್ಜಿ, ನಡುವೆ ಒರೆಸಬೇಡಿ. ಬೆಂಕಿಯಿಂದಲೂ ಪುಟ್ಟ ಮಕ್ಕಳ ಕೈಯಿಂದಲೂ ಬಾಟಲಿ ದೂರವಿರಲಿ.