ಅಥೀನಾ ಪ್ಲಸ್ ಪ್ಲಸ್: ಆಘಾತ ತರಂಗಕ್ಕೆ ಜಗ್ಗದ ಕೋಡ್, ಆದರೆ ಗ್ರಿಡ್ ಸಾಕೇ?

ಕಾಂತಕ್ಷೇತ್ರ ಹೊತ್ತ ಪ್ಲಾಸ್ಮಾದ ಸೂಪರ್‌ಸಾನಿಕ್ (ಶಬ್ದಕ್ಕಿಂತ ವೇಗದ) ಪ್ರಕ್ಷುಬ್ಧತೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಲು ಸಿಗುವ ಮುಕ್ತ ಕೋಡ್‌ಗಳಲ್ಲಿ ಅಥೀನಾ ಪ್ಲಸ್ ಪ್ಲಸ್‌ಗೆ 5ಕ್ಕೆ 4 ಅಂಕ.

ಅದರಲ್ಲಿ ದೊಡ್ಡ ಪಾಲು ಕಾಂತಕ್ಷೇತ್ರದ ನಿರ್ವಹಣೆಗೆ. ಕ್ಷೇತ್ರದ ಘಟಕಗಳು ಕೋಶದ (ಲೆಕ್ಕಕ್ಕಾಗಿ ಜಾಗವನ್ನು ಭಾಗಿಸಿದ ಗ್ರಿಡ್‌ನ ಒಂದು ಡಬ್ಬಿ) ನಡುವೆ ಇರುವುದಿಲ್ಲ, ಮುಖಗಳ ಮೇಲಿರುತ್ತವೆ. ಹಾಗಾಗಿ ಡೈವರ್ಜೆನ್ಸ್ (ಕ್ಷೇತ್ರ ಒಂದು ಬಿಂದುವಿನಿಂದ ಹೊರಹೊಮ್ಮುವ ಪ್ರಮಾಣ, ಕಾಂತಕ್ಷೇತ್ರಕ್ಕೆ ಅದು ಸೊನ್ನೆಯೇ ಇರಬೇಕು) ರೌಂಡ್‌ಆಫ್ (ಕಂಪ್ಯೂಟರ್ ಲೆಕ್ಕದ ಅತಿ ಸಣ್ಣ ದೋಷ) ಮಟ್ಟ ದಾಟುವುದಿಲ್ಲ. ಏಕರೂಪವಲ್ಲದ ಆರಂಭಿಕ ಕ್ಷೇತ್ರವನ್ನು ಮಾತ್ರ, ಕಾಂತಕ್ಷೇತ್ರ ಹುಟ್ಟಿಸುವ ಗಣಿತದ ಕ್ಷೇತ್ರವಾದ ವೆಕ್ಟರ್ ಪೊಟೆನ್ಷಿಯಲ್‌ನಿಂದಲೇ ಕಟ್ಟಬೇಕು.

ದೊಡ್ಡ ರನ್‌ಗೆ ಮೊದಲು ಒಂದು ಆಯಾಮದ ಪರೀಕ್ಷೆ ಮಾಡಿ. ಐಸೊಥರ್ಮಲ್ (ಉಷ್ಣತೆ ಬದಲಾಗದ) ಅನಿಲದಲ್ಲಿ ಮ್ಯಾಕ್ 10ರ (ಶಬ್ದವೇಗದ ಹತ್ತು ಪಟ್ಟು) ಆಘಾತ ಸಾಂದ್ರತೆಯನ್ನು 100 ಪಟ್ಟು ಏರಿಸುತ್ತದೆ. ಅಡ್ಡಲಾಗಿ ಆಲ್ಫ್‌ವೆನ್ ಮ್ಯಾಕ್ 2 (ಆಲ್ಫ್‌ವೆನ್ ವೇಗದ, ಅಂದರೆ ಕಾಂತೀಯ ತರಂಗದ ವೇಗದ, ಎರಡು ಪಟ್ಟು) ಆಗುವಷ್ಟು ಕ್ಷೇತ್ರವಿಟ್ಟರೆ ಅದೇ ಆಘಾತ ಬರೀ 2.34 ಪಟ್ಟಿಗೆ ನಿಲ್ಲಬೇಕು. ಕಾಂತೀಯ ಒತ್ತಡ ಸಾಂದ್ರತೆಯ ವರ್ಗದಂತೆ ಏರಿ ಅನಿಲವನ್ನು ತಡೆಯುತ್ತದೆ. ಈ ಅಂಕಿ ಬಾರದಿದ್ದರೆ ಮುಂದೆ ಹೋಗಬೇಡಿ.

ಎಚ್‌ಎಲ್‌ಎಲ್‌ಡಿ ಸಾಲ್ವರ್ (ಕೋಶಗಳ ನಡುವಿನ ಹರಿವು ಲೆಕ್ಕಿಸುವ ವಿಧಾನ), ಪಿಎಲ್‌ಎಂ (ಕೋಶದೊಳಗೆ ನೇರರೇಖೆಯ ಮರುರಚನೆ), ಸಿಎಫ್‌ಎಲ್ (ಕಾಲಹೆಜ್ಜೆಯ ಮಿತಿ ಅಂಕಿ) 0.3 ಇದ್ದರೆ ಸಾಮಾನ್ಯವಾಗಿ ಸಾಕು. ರನ್ ಕೆಡುವುದು ಆಘಾತದಲ್ಲಿ ಅಲ್ಲ, ಅದರ ಹಿಂದಿನ ಟೊಳ್ಳಿನಲ್ಲಿ. ಅಲ್ಲಿ ಸಾಂದ್ರತೆ ಕುಸಿದಂತೆ ಆಲ್ಫ್‌ವೆನ್ ವೇಗ ಜಿಗಿಯುತ್ತದೆ, ಕಾಲಹೆಜ್ಜೆ ಕಿರಿದಾಗಿ ರನ್ ತೆವಳುತ್ತದೆ. ಸಾಂದ್ರತೆಯ ಕೆಳಮಿತಿ ಏರಿಸಿದರೆ ಓಡುತ್ತದೆ, ಆದರೆ ಇಲ್ಲದ ದ್ರವ್ಯರಾಶಿ ಸೇರಿಕೊಳ್ಳುತ್ತದೆ. ಒಟ್ಟು ರಾಶಿಯನ್ನು ಹಿಸ್ಟರಿ ಫೈಲ್‌ನಲ್ಲಿ ಗಮನಿಸುತ್ತಿರಿ. ಇನ್ನೂ ಸರಳ ಸಾಲ್ವರ್ ಎಚ್‌ಎಲ್‌ಎಲ್‌ಇಗೆ ಇಳಿಯುವುದು ಕೊನೆಯ ದಾರಿ, ಅದು ಆಲ್ಫ್‌ವೆನ್ ತರಂಗಗಳನ್ನೇ ಮಸುಕಾಗಿಸುತ್ತದೆ.

ಚಾಲನೆ (ಪ್ರಕ್ಷುಬ್ಧತೆ ಉಳಿಸಲು ಹೊರಗಿನಿಂದ ಕೊಡುವ ಬಲ) ಅನುಕರಣೆಯ ಪೆಟ್ಟಿಗೆಯ ಅರ್ಧ ಅಳತೆಯಲ್ಲಿದ್ದರೆ, ಪೆಟ್ಟಿಗೆ 1, ಶಬ್ದವೇಗ 1, ಮ್ಯಾಕ್ 10ಕ್ಕೆ ಸುಳಿಯ ಕಾಲ (ದೊಡ್ಡ ಸುಳಿ ತಿರುಗಲು ಬೇಕಾದ ಸಮಯ) 0.05. ಬಲದ ಕೋರಿಲೇಶನ್ ಕಾಲ (ಬಲ ತನ್ನ ಹಿಂದಿನ ರೂಪ ಉಳಿಸಿಕೊಳ್ಳುವ ಅವಧಿ) ಅಷ್ಟೇ ಇರಲಿ, ಬಲ ಹೊಸದಾಗುವ ಅಂತರ ಅದರ ಹತ್ತನೇ ಒಂದು ಭಾಗ ಮೀರದಿರಲಿ. ಮೊದಲ ಎರಡು ಸುಳಿಕಾಲದ ದತ್ತಾಂಶ ಬಿಸಾಡಿ.

ಇನ್ನು ಗ್ರಿಡ್. ಹರಿವು ಶಬ್ದವೇಗಕ್ಕೆ ಇಳಿಯುವ ಅಳತೆ ಸುಮಾರಾಗಿ ಚಾಲನೆಯ ಅಳತೆಯನ್ನು ಮ್ಯಾಕ್ ವರ್ಗದಿಂದ ಭಾಗಿಸಿದಷ್ಟು. 512 ಘನದ ಗ್ರಿಡ್‌ನಲ್ಲಿ ಮ್ಯಾಕ್ 3ಕ್ಕೆ ಅದು 28 ಕೋಶ. ಮ್ಯಾಕ್ 10ಕ್ಕೆ ಎರಡೂವರೆ ಕೋಶ, ಅಂದರೆ ಸಂಖ್ಯಾತ್ಮಕ ಸ್ನಿಗ್ಧತೆ ಅದನ್ನು ನುಂಗಿಬಿಟ್ಟಿರುತ್ತದೆ. 2021ರಲ್ಲಿ ಬೇರೊಂದು ಕೋಡ್‌ನಲ್ಲಿ, ಕಾಂತಕ್ಷೇತ್ರವಿಲ್ಲದೆ, ಮ್ಯಾಕ್ 4ರ ಆಸುಪಾಸಿನಲ್ಲಿ ಈ ಅಳತೆ ಹಿಡಿಯಲು 10,048 ಘನದ ಗ್ರಿಡ್ ಬಳಸಿದ್ದರು. 512ರಲ್ಲಿ ಸಾಂದ್ರತೆಯ ಹಂಚಿಕೆ ನೋಡಿ. ಸ್ಪೆಕ್ಟ್ರಮ್‌ನ (ಯಾವ ಅಳತೆಯಲ್ಲಿ ಎಷ್ಟು ಶಕ್ತಿ ಎಂಬ ಚಿತ್ರ) ಇಳಿಜಾರಿನ ಮೇಲೆ ತೀರ್ಪು ಕೊಡಬೇಡಿ.

ಕಳೆದ ಒಂದು ಅಂಕ ಜಿಪಿಯುಗೆ: ಈ ಕೋಡ್ ಸಿಪಿಯುಗೆ ಬರೆದದ್ದು. ಜಿಪಿಯು ಇದ್ದವರು ಅದೇ ಕುಟುಂಬದ ಅಥೀನಾ-ಕೆ ನೋಡಬಹುದು.