ಚಿಕ್ಕಮಗಳೂರಿನಲ್ಲಿ ಓಟಿ ಲೆಕ್ಕದ ಕಾಫಿ ಖರೀದಿ: ದರ ಸರಿ, ಕಡಿತ ಯಾರ ತಲೆಗೆ?

ರೊಬಸ್ಟಾ ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾರುವ ಸಣ್ಣ ಬೆಳೆಗಾರರಿಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸುತ್ತ ಮೂರು ದಾರಿಗಳಿವೆ. ಕಣಕ್ಕೇ ಗಾಡಿ ತಂದು ಮೂಟೆಗೆ ಇಷ್ಟು ಎಂದು ಕೊಳ್ಳುವ ವ್ಯಾಪಾರಿ ಒಬ್ಬ. ಸ್ಯಾಂಪಲ್ ಹಲ್ಲಿಂಗ್ ಮಾಡಿ, ಅಂದರೆ ಸಿಪ್ಪೆ ಸುಲಿಸಿ, ಓಟಿ (ಔಟ್‌ಟರ್ನ್) ಮೇಲೆ ಹಣ ಕೊಡುವ ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿ ಸುಲಿದು ಹಸನು ಮಾಡುವ ಕಾರ್ಖಾನೆ, ಎರಡನೆಯದು. ಕೂಲಿ ಕೊಟ್ಟು ಹಲ್ಲಿಂಗ್ ಮಾಡಿಸಿ ಕ್ಲೀನ್ ಕಾಫಿಯನ್ನು (ಸುಲಿದ ಬೀಜ) ನೀವೇ ಮಾರುವುದು ಮೂರನೆಯದು. ಈ ವಿಮರ್ಶೆ ಎರಡನೆಯದರ ಬಗ್ಗೆ. ಮೂರರಲ್ಲಿ ನ್ಯಾಯಕ್ಕೆ ಹತ್ತಿರ ಇರುವುದು ಇದೇ. ಆದರೆ ಸ್ಯಾಂಪಲ್ ತೆಗೆಯುವಾಗ ನೀವು ಪಕ್ಕದಲ್ಲಿ ನಿಂತಿರಬೇಕು. ಬೋರ್ಡಿನಲ್ಲಿ ಬರೆದ ದರ ನೋಡಿ ಗಾಡಿ ಕಳಿಸಿ, ಸಂಜೆ ಚೀಟಿ ತರಿಸಿಕೊಳ್ಳುವವರಿಗೆ ಇದರಿಂದ ವ್ಯಾಪಾರಿಗಿಂತ ಹೆಚ್ಚೇನೂ ಸಿಗುವುದಿಲ್ಲ.

ಓಟಿ ಎಂದರೆ 50 ಕೆಜಿ (ಒಂದು ಮೂಟೆ) ಚೆರಿಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ ಬರುತ್ತದೆ ಎಂಬ ಲೆಕ್ಕ. 500 ಗ್ರಾಂ ಸ್ಯಾಂಪಲ್ ಹಲ್ಲಿಂಗ್ ಮಾಡಿ 265 ಗ್ರಾಂ ಬಂದರೆ ಓಟಿ 26.5. ಒಂದು ಓಟಿಗೆ 350 ರೂಪಾಯಿ ದರ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಓಟಿ 27 ಆದರೆ ಮೂಟೆಗೆ 9,450, 26 ಆದರೆ 9,100. 40 ಮೂಟೆಗೆ 14,000 ರೂಪಾಯಿ ವ್ಯತ್ಯಾಸ. ಹೊರಗೆ ದರ ಹತ್ತು ರೂಪಾಯಿ ಏರಿತೇ ಇಳಿಯಿತೇ ಎಂದು ಫೋನ್ ಮಾಡಿ ವಿಚಾರಿಸುವವರು ಈ ಒಂದು ಅಂಕಿಯನ್ನು ಪ್ರಶ್ನಿಸದೆ ಬಿಡುವುದು ನೋಡಿದರೆ ಬೇಸರವಾಗುತ್ತದೆ.

ಸ್ಯಾಂಪಲ್ ಎಷ್ಟು ಗ್ರಾಂ ಎಂಬುದನ್ನು ಮೊದಲು ಕೇಳಿ. 200 ಗ್ರಾಂ ತೆಗೆದರೆ ಬರೀ 4 ಗ್ರಾಂ ಆಚೀಚೆಯಾದರೂ ಒಂದು ಓಟಿ ಹೋಗುತ್ತದೆ. 500 ಗ್ರಾಂಗೆ 10 ಗ್ರಾಂ, ಒಂದು ಕೆಜಿಗೆ 20 ಗ್ರಾಂ. ಹಾಗಾಗಿ 500 ಗ್ರಾಂಗಿಂತ ಕಡಿಮೆಗೆ ಒಪ್ಪಬೇಡಿ, ತಕ್ಕಡಿ ಒಂದು ಗ್ರಾಂವರೆಗೆ ತೋರಿಸುವಂಥದ್ದಾಗಿರಲಿ. ನಾಲ್ಕು ಮೂಟೆಗೆ ಕೊಳವೆ ಚುಚ್ಚಿ ಮುಗಿಸುವ ಅಭ್ಯಾಸ ಕೆಲವೆಡೆ ಇದೆ. ಪ್ರತಿ ಮೂಟೆಯ ಮೇಲೆ, ನಡುವೆ, ತಳದಿಂದ ತೆಗೆಸಿ. ಎಲ್ಲವನ್ನೂ ಒಂದೆಡೆ ಸುರಿದು ಚೆನ್ನಾಗಿ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಬೇಕು. ಬೇಕಾದಷ್ಟು ಪ್ರಮಾಣಕ್ಕೆ ಇಳಿಯುವವರೆಗೂ ಹೀಗೇ. ಅದೇ ರಾಶಿಯಿಂದ ಒಂದು ಕೆಜಿ ಬೇರೆ ಚೀಲಕ್ಕೆ ಹಾಕಿ, ಇಬ್ಬರೂ ಸಹಿ ಹಾಕಿ ಸೀಲ್ ಮಾಡಿ ಇಟ್ಟುಕೊಳ್ಳಿ. ತಕರಾರು ಬಂದರೆ ನಿಮ್ಮ ಕೈಯಲ್ಲಿ ಉಳಿಯುವ ಆಧಾರ ಅದೊಂದೇ.

ಸ್ಯಾಂಪಲ್ ಹಲ್ಲರ್ ಓಡಿದ ಮೇಲೆ ಬೀಜದ ಕಡೆಗಿಂತ ಹೊಟ್ಟಿನ ಕಡೆ ನೋಡಿ. ಗಾಳಿ ಜಾಸ್ತಿ ಬಿಟ್ಟಿದ್ದರೆ ಸಣ್ಣ ಬೀಜ, ಮುರುಕು ಎಲ್ಲ ಹೊಟ್ಟಿನೊಂದಿಗೆ ಹಾರಿ ಹೋಗಿರುತ್ತದೆ. ಅದನ್ನು ಆರಿಸಿ ತೂಕಕ್ಕೆ ಸೇರಿಸಬೇಕು. ಹಲ್ಲರ್ ಬಿಗಿಯಾಗಿದ್ದರೆ ಒಳ್ಳೆಯ ಬೀಜವೂ ಒಡೆಯುತ್ತದೆ, ಸಡಿಲವಿದ್ದರೆ ಸುಲಿಯದ ಚೆರಿ ಉಳಿಯುತ್ತದೆ. ಸುಲಿಯದ್ದನ್ನು ತೆಗೆದು ಬಿಸಾಡದೆ ಇನ್ನೊಮ್ಮೆ ಹಾಕಿಸಿ.

ತೇವಾಂಶದ ಕಡಿತ ಇನ್ನೊಂದು ದೊಡ್ಡ ಸೋರಿಕೆ. ಚೆರಿಗೆ ಶೇ. 11, ಪಾರ್ಚ್‌ಮೆಂಟಿಗೆ (ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಕಾಫಿ) ಶೇ. 10 ಎಂಬುದು ರೂಢಿಯ ಅಳತೆ. ನಿಮ್ಮ ಚೆರಿ ಶೇ. 13 ತೋರಿಸಿತು ಅನ್ನೋಣ. 50 ಕೆಜಿಯಲ್ಲಿ ಒಣ ಭಾಗ 43.5 ಕೆಜಿ. ಅದೇ ಶೇ. 11ರ ಹದಕ್ಕೆ ಬಂದರೆ ತೂಕ 48.88 ಕೆಜಿ. ಅಂದರೆ ನ್ಯಾಯವಾದ ಕಡಿತ ಮೂಟೆಗೆ 1.12 ಕೆಜಿ. ಶೇಕಡಾ ಒಂದಕ್ಕೆ ಒಂದು ಕೆಜಿ ಎಂದು ಎರಡು ಕೆಜಿ ಕಳೆದರೆ ಮೂಟೆಗೆ ಹತ್ತಿರ ಹತ್ತಿರ 900 ಗ್ರಾಂ ಸುಮ್ಮನೆ ಹೋಯಿತು. ತೂಕದಲ್ಲಿ ಕಳೆದವರು ದರದಲ್ಲೂ ಇಳಿಸುತ್ತೇವೆ ಅಂದರೆ ಅದೇ ನೀರಿಗೆ ಎರಡು ಸಲ ದಂಡ, ಒಪ್ಪಲೇಬಾರದು. ಹಾಗೆಂದು ಶೇ. 9ಕ್ಕೆ ಒಣಗಿಸಿ ಒಯ್ಯುವುದೂ ನಷ್ಟವೇ: ಅಷ್ಟೇ 1.12 ಕೆಜಿಯನ್ನು ನೀವು ಪುಕ್ಕಟೆ ಕೊಟ್ಟಂತೆ, ಜೊತೆಗೆ ಅತಿಯಾಗಿ ಒಣಗಿದ ಬೀಜ ಹಲ್ಲಿಂಗ್‌ನಲ್ಲಿ ಮುರಿಯುತ್ತದೆ. ಮೀಟರ್ ಸುಲಿದ ಬೀಜದ ಮೇಲೆ ಹಿಡಿಯಬೇಕು, ಕಾಫಿಯ ಜಾತಿಗೆ ತಕ್ಕ ಸೆಟ್ಟಿಂಗ್ ಇರಬೇಕು. ಕಣದಿಂದ ಬಿಸಿಬಿಸಿಯಾಗಿ ಬಂದ ಕಾಫಿಗೆ ಅಂಕಿ ಸರಿಯಾಗಿ ಬರುವುದಿಲ್ಲ, ಆರಿದ ಮೇಲೆ ಮೂರು ಸಲ ನೋಡಿ ಸರಾಸರಿ ಬರೆಸಿ.

ಉದುರು ಕಾಯಿ, ಕಾಯಿಕೊರಕ ಬಿದ್ದದ್ದು, ಜೊಳ್ಳು ಇವನ್ನು ಒಳ್ಳೆಯ ಮೂಟೆಗಳೊಂದಿಗೆ ಬೆರೆಸಿದರೆ ಸರಾಸರಿ ಓಟಿಯಲ್ಲಿ ಸರಿಹೋಗುತ್ತದೆ ಎಂಬ ಮಾತಿದೆ. ಲೆಕ್ಕ ನಿಜ: 27 ಓಟಿಯ 40 ಮೂಟೆ, 22 ಓಟಿಯ 5 ಮೂಟೆ ಸೇರಿದರೆ 26.44, ಒಟ್ಟು ಕ್ಲೀನ್ ಕಾಫಿ ಅಷ್ಟೇ. ಪೆಟ್ಟು ಬೀಳುವುದು ದರಕ್ಕೆ. ಕಪ್ಪು ಬೀಜ, ಮುರುಕು ಕಂಡ ಕೂಡಲೇ ಇಡೀ ಲಾಟ್‌ಗೆ (ಒಟ್ಟು ಸರಕಿಗೆ) ಓಟಿ ದರ ಇಳಿಸುತ್ತಾರೆ. ಐದು ಮೂಟೆಗಾಗಿ ನಲವತ್ತು ಮೂಟೆಯ ಬೆಲೆ ಕೆಡಿಸಿಕೊಳ್ಳುವ ಬದಲು ಬೇರೆಯಾಗಿಯೇ ತೂಗಿಸಿ.

ಗೋಣಿ ತೂಕವೆಂದು ಮೂಟೆಗೆ ಒಂದು ಕೆಜಿ ಕಳೆಯುವವರಿಗೆ ಹತ್ತು ಖಾಲಿ ಚೀಲ ತೂಗಿ ತೋರಿಸಿ. ಪ್ಲಾಸ್ಟಿಕ್ ಚೀಲವಾದರೆ ಆ ಕಡಿತಕ್ಕೆ ಅರ್ಥವೇ ಇಲ್ಲ. 20 ಮೂಟೆಯ ಸಣ್ಣ ಲಾಟನ್ನು ವೇಬ್ರಿಡ್ಜ್ ಮೇಲೆ ತೂಗಿಸಬೇಡಿ. ಅಲ್ಲಿ 10 ಕೆಜಿ ಆಚೀಚೆಯಾದರೂ ಶೇ. 1 ಹೋದಂತೆ. ಹಮಾಲಿ, ಗಾಡಿ ಬಾಡಿಗೆ ಯಾರದೆಂದು ಗಾಡಿ ಹೊರಡುವ ಮೊದಲೇ ಮಾತಾಡಿ.

ಕೂಲಿ ಹಲ್ಲಿಂಗ್‌ಗೆ ಹೋಗುವವರು ಒಂದು ವಿಷಯ ಗಮನಿಸಬೇಕು. ಚೆರಿಯನ್ನು ಬರೀ ಒಣಗಿಸಿ ಮಾರಿದರೆ ಅದು ಕೃಷಿ ಆದಾಯ. ತಾವು ಬೆಳೆದದ್ದನ್ನು ಕ್ಯೂರ್ ಮಾಡಿ ಮಾರಿದರೆ ಆದಾಯ ತೆರಿಗೆ ನಿಯಮಗಳ ಪ್ರಕಾರ ಆ ಆದಾಯದ ಶೇ. 25 ತೆರಿಗೆ ಲೆಕ್ಕಕ್ಕೆ ಬರುತ್ತದೆ. ಹುರಿದು ಪುಡಿ ಮಾಡಿದರೆ ಶೇ. 40. ಹಲ್ಲಿಂಗ್ ಕೂಲಿ, ಸಾಗಣೆ ಜೊತೆಗೆ ಇದನ್ನೂ ಸೇರಿಸಿ ನೋಡಿದ ಮೇಲೆ ಉಳಿಯುವುದೆಷ್ಟು ಎಂದು ಆಡಿಟರ್ ಹತ್ತಿರ ಕೇಳಿ.

ಇನ್ನು ಹಣದ ಮಾತು. ಈ ಸೇವೆಯ ದುರ್ಬಲ ಭಾಗ ಇದೇ. ಬೆಳೆಗಾರರ ಕಾಫಿಯನ್ನು ಕಾಫಿ ಬೋರ್ಡೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ವ್ಯವಸ್ಥೆ ಇದ್ದಾಗ ಅದು ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು, ಕಾಯುವುದು ಕಷ್ಟವಾದರೂ ಕೊಡಬೇಕಾದವರು ಯಾರೆಂದು ಗೊತ್ತಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಆ ಹೊಣೆ ನೀವು ಆರಿಸಿಕೊಂಡ ಖರೀದಿದಾರನದು. ತೂಕದ ದಿನವೇ ಬ್ಯಾಂಕಿಗೆ ಹಣ ಹಾಕುವ ಕಡೆ ಓಟಿ ದರ ಐದು ರೂಪಾಯಿ ಕಡಿಮೆ ಇದ್ದರೂ ಅಲ್ಲಿಗೇ ಕೊಡಿ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯಬೇಡಿ, ಆದಾಯ ತೆರಿಗೆ ಕಾನೂನಿನ ಅಡಿ ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ಮುಂದಿನ ತಾರೀಖಿನ ಚೆಕ್ ತೆಗೆದುಕೊಂಡಿದ್ದರೆ ಆ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ನಂತರದ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು.

ಎಲ್ಲಕ್ಕಿಂತ ಅಪಾಯದ್ದು ರೇಟ್ ಬಾಕಿ ಇಟ್ಟು ಕಾಫಿ ಬಿಟ್ಟು ಬರುವುದು. ದರ ಏರಿದಾಗ ಮುರಿಯೋಣ, ಅಂದರೆ ಆ ದಿನದ ದರಕ್ಕೆ ವ್ಯಾಪಾರ ಮುಗಿಸೋಣ ಎಂಬ ಆಸೆ ಸರಿಯೇ. ಆದರೆ ನಿಮ್ಮ ಕಾಫಿ ಅಷ್ಟರೊಳಗೆ ಹಲ್ಲಿಂಗ್ ಆಗಿ ಮಾರಾಟವೂ ಆಗಿರಬಹುದು. ಆಗ ನಿಮ್ಮ ಹತ್ತಿರ ಉಳಿಯುವುದು ಒಂದು ಚೀಟಿ. ಅದರಲ್ಲಿ ಮೂಟೆ ಸಂಖ್ಯೆ, ಗೋಣಿ ಕಳೆದ ತೂಕ, ಓಟಿ, ತೇವಾಂಶ, ದರ ನಿಗದಿಯಾಗಿಲ್ಲ ಎಂಬ ಮಾತು, ಯಾವ ತಾರೀಖಿನೊಳಗೆ ನಿಗದಿ ಮಾಡಬೇಕು, ನಿಗದಿಯಾದ ಎಷ್ಟು ದಿನಕ್ಕೆ ಹಣ, ಗೋದಾಮಿನ ಬಾಡಿಗೆ ಮತ್ತು ವಿಮೆ ಯಾರದು, ಇಷ್ಟೂ ಸಹಿ ಮೊಹರಿನೊಂದಿಗೆ ಇರಬೇಕು. ಹೀಗೆ ಬರೆದುಕೊಡಲು ಒಪ್ಪದ ಕಡೆ ಅಂದಿನ ದರಕ್ಕೇ ಮುರಿದು ಹಣ ಪಡೆಯಿರಿ. ಇಲ್ಲವೇ ಮೂಟೆಗಳನ್ನು ವಾಪಸ್ ಗಾಡಿಗೆ ಹೇರಿಸಿ.